ಶಿವರುದ್ರಮ್ಮನ ಒಪ್ಪೊತ್ತು

ಮೊದಲು ಅಡ್ಡ ನಿಂತದ್ದು ಮುದ್ದೆ.

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನಾಲಿಗೆಯ ಮೇಲಿಟ್ಟರೆ ಅದು ತಾನೇ ದಾರಿ ಹುಡುಕಿಕೊಂಡು ಇಳಿದು ಹೋಗಬೇಕು. ಶಿರಾ ಪೇಟೆಯ ಕಡಲೆಕಾಯಿ ವ್ಯಾಪಾರಿ ಪರ್ವತಯ್ಯನವರ ಹೆಂಡತಿ ಶಿವರುದ್ರಮ್ಮ ಹಾಗೆ ನುಂಗುವುದನ್ನು ಮಾತು ಬರುವ ಮೊದಲೇ ಕಲಿತವಳು. ನಾಲ್ವಡಿ ಮಹಾರಾಜರು ತೀರಿಕೊಳ್ಳುವ ಹಿಂದಿನ ವರ್ಷ, ಅಂಗಳದ ತುಂಬ ಹಸಿ ಕಡಲೆಕಾಯಿ ಒಣಹಾಕಿದ್ದ ಒಂದು ಮಧ್ಯಾಹ್ನ, ಗಂಡಸರೆಲ್ಲ ಉಂಡೆದ್ದ ಮೇಲೆ ಅಡುಗೆಮನೆಯ ಬಾಗಿಲ ಹಿಂದೆ ಸೊಸೆಯ ಜೊತೆ ತಟ್ಟೆಯ ಮುಂದೆ ಕೂತಿದ್ದಾಗ, ಒಂದು ತುತ್ತು ಎದೆಗೂಡಿನ ಹಿಂದೆ ಎಲ್ಲೋ ನಿಂತುಬಿಟ್ಟಿತು. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ನೀರು ಕುಡಿದಳು. ನೀರು ತುತ್ತಿನ ಮೇಲೆ ನಿಂತಿತು. ಬಚ್ಚಲಿಗೆ ಓಡಿ ಗೋಡೆ ಹಿಡಿದು ಬಗ್ಗಿದಳು.

"ಏನಾತು ಅತ್ತೆ?" ಸೊಸೆ ಸರ್ವಮಂಗಳಾ ಎಂಜಲು ಕೈಯಲ್ಲೇ ಹಿಂದೆ ಬಂದಳು.

ಆಗ ಬಾಯಿಗೆ ಬಂದದ್ದನ್ನು ಶಿವರುದ್ರಮ್ಮ ಯೋಚಿಸಿ ಹೇಳಿದವಳಲ್ಲ. "ಏನಿಲ್ಲ ಕಣೆ. ಇವತ್ತು ಸೋಮವಾರ ಅಲ್ವಾ? ಒಪ್ಪೊತ್ತು ಇರಾನ ಅಂದ್ಕಂಡಿದ್ದೆ. ಮರ್ತು ಉಣ್ಣಾಕೆ ಕೂತ್ಬುಟ್ಟೆ. ಶಿವ ನೆಪ್ಪು ಮಾಡ್ದ."

"ಯಾಕತ್ತೆ ಇದ್ದಕ್ಕಿದ್ದಂಗೆ ಒಪ್ಪೊತ್ತು?"

ಶಿವರುದ್ರಮ್ಮನ ಕಣ್ಣು ಸೊಸೆಯ ಹೊಟ್ಟೆಯ ಕಡೆ ಹೋಯಿತು. ಎರಡು ಸಲ ನಿಂತು, ಎರಡು ಸಲವೂ ನಿಲ್ಲದೆ ಹೋದ ಬಸಿರು ಅದು. "ನಿಂಗೋಸ್ಕರ ಕಣೆ" ಅಂದಳು.

ಸರ್ವಮಂಗಳಾ ಕೈ ತೊಳೆದು ಬಂದು ಆ ಒದ್ದೆ ಬಚ್ಚಲ ಬಾಗಿಲಲ್ಲೇ ಅತ್ತೆಯ ಕಾಲಿಗೆ ಬಿದ್ದಳು.

ಸುಳ್ಳೇಕೆ ಹೇಳಿದೆ ಎಂದು ಶಿವರುದ್ರಮ್ಮ ಆಮೇಲೆ ತನ್ನನ್ನೇ ಕೇಳಿಕೊಂಡಳು. ಹೆದರಿಕೆಗಲ್ಲ, ಆಗಿನ್ನೂ ಹೆದರಿಕೆ ಹುಟ್ಟಿರಲಿಲ್ಲ. ನಾಚಿಕೆಗೆ. ಊಟದ ಮಾತನ್ನು ಹೆಂಗಸು ಬಡಿಸುವಾಗ ಆಡಬಹುದು, ಸಾಕೇ ಬೇಕೇ ಎಂದು ಕೇಳಬಹುದು. ನನಗೆ ಉಣ್ಣಲಾಗುತ್ತಿಲ್ಲ ಎಂದು ಹೇಗೆ ಹೇಳುವುದು, ಯಾರಿಗೆ ಹೇಳುವುದು? ಮದುವೆಯಾಗಿ ಬಂದಾಗಿನಿಂದ ಆ ಮನೆಯ ಒಬ್ಬ ಗಂಡಸೂ ಆಕೆ ಉಣ್ಣುವುದನ್ನು ನೋಡಿರಲಿಲ್ಲ.

ಸೋಮವಾರದ ಒಪ್ಪೊತ್ತಿನಿಂದ ಅನುಕೂಲವಾಯಿತು. ಮಧ್ಯಾಹ್ನ ಉಣ್ಣುವ ಹಾಗಿಲ್ಲ, ಸಂಜೆ ಪೂಜೆಯಾದ ಮೇಲೆ ಒಬ್ಬಳೇ ಕೂತು ಮೆತ್ತಗಿನದೇನಾದರೂ ನಿಧಾನವಾಗಿ ಇಳಿಸಬಹುದು. ಮುದ್ದೆಯ ಹಿಂದೆ ರೊಟ್ಟಿ ನಿಂತಿತು. ಸೋಮವಾರದ ಜೊತೆಗೆ ಗುರುವಾರವೂ ಸೇರಿತು. ಅನ್ನವನ್ನು ಮಜ್ಜಿಗೆಯಲ್ಲಿ ಹಿಚುಕಿದರೆ ಹೋಗುತ್ತಿತ್ತು. ಸ್ವಲ್ಪ ದಿನಕ್ಕೆ ಅದೂ ತಕರಾರು ಮಾಡತೊಡಗಿತು. ಅಷ್ಟು ಹೊತ್ತಿಗೆ ಒಪ್ಪೊತ್ತು ದಿನದಿನದ್ದಾಗಿತ್ತು.

ಸಂಕ್ರಾಂತಿಯ ಹೊತ್ತಿಗೆ ಸರ್ವಮಂಗಳಾಗೆ ಮುಟ್ಟು ನಿಂತಿತು. ಹಿಂದಿನ ಎರಡು ಸಲವೂ ಕಳೆದುಹೋಗಿದ್ದ ತಿಂಗಳು ಬಂತು, ದಾಟಿತು. ಕೂಸು ನಿಂತಿತು.

ಅಲ್ಲಿಂದ ಆ ಸುಳ್ಳು ಶಿವರುದ್ರಮ್ಮನ ಕೈಬಿಟ್ಟು ಊರಿನದಾಯಿತು. ಅತ್ತೆ ಸೊಸೆಗೋಸ್ಕರ ಒಪ್ಪೊತ್ತು ಹಿಡಿದಳಂತೆ, ಶಿವ ಕಣ್ಣು ಬಿಟ್ಟನಂತೆ. ಪರ್ವತಯ್ಯನವರು ಅಂಗಡಿಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಹೇಳಿದರು. ಮದುವೆಯಾಗಿ ವರ್ಷಗಳಾದ ಹುಡುಗಿಯರನ್ನು ಅವರವರ ತಾಯಂದಿರು ಕರೆದುಕೊಂಡು ಬಂದು ಶಿವರುದ್ರಮ್ಮನ ಕಾಲು ಮುಟ್ಟಿಸಿದರು. ಕುಪ್ಪಸ ಸಡಿಲವಾದಷ್ಟೂ, ಕೆನ್ನೆ ಒಳಸರಿದಷ್ಟೂ ಅವರ ಭಕ್ತಿ ಹೆಚ್ಚಿತು. ಎದುರುಮನೆಯ ನಾಗರತ್ನಮ್ಮನಿಗೆ ಮಾತ್ರ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಸೊಂಟ ನೋಡು, ಮದುವಣಗಿತ್ತಿ ಸೊಂಟ ಆಗೈತೆ! ಪರ್ವತಯ್ಯಾರು ಇನ್ನೊಂದ್ಸಲ ತಾಳಿ ಕಟ್ಟಾಕೆ ಬಂದಾರು, ಹುಸಾರು ಕಣಮ್ಮ."

"ಕಟ್ಟಲಿ ಬುಡು. ಊಟಕ್ಕೆ ಮಾತ್ರ ನಿಮ್ಮನೇಗೇ ಕಳಿಸ್ತೀನಿ" ಎಂದು ಶಿವರುದ್ರಮ್ಮ ನಗಿಸಿದಳು. ನಗುವಾಗ ಎದೆಯ ಹಿಂದೆ ಏನೋ ಇರಿಯಿತು.

ಹೆದರಿಕೆ ಹುಟ್ಟಿದ್ದು ಗಂಜಿಯೂ ನಿಧಾನವಾದಾಗ. ಒಂದು ಬಟ್ಟಲು ಕುಡಿಯಲು ಒಂದು ಸಂಜೆಯೇ ಬೇಕಾಗುತ್ತಿತ್ತು. ಉಳಿದದ್ದನ್ನು ಸೆರಗಿನ ಮರೆಯಲ್ಲಿ ಹಸುವಿಗೆ ಕುಡಿಸುತ್ತಿದ್ದಳು. ತಟ್ಟೆಗೆ ಹಾಕಿಕೊಂಡದ್ದು ಪ್ರಸಾದ, ಒಂದಗುಳನ್ನೂ ಬಿಡಬಾರದು ಎಂದು ಬೆಳೆದವಳು. ಹಸುವಿನ ಬಾನಿಗೆ ಸುರಿಯುವ ಮೊದಲು ಬಟ್ಟಲನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಹಸಿವು ಸತ್ತಿದೆ ಎಂದು ಎಲ್ಲರೂ ತಿಳಿದಿದ್ದರು, ಸತ್ತಿರಲಿಲ್ಲ. ಒಗ್ಗರಣೆ ಸಿಡಿದರೆ ಬಾಯಲ್ಲಿ ನೀರೂರುತ್ತಿತ್ತು, ಆ ಜೊಲ್ಲೂ ಇಳಿಯದೆ ತಿರುಗಿ ಬಾಯಿಗೇ ಬರುತ್ತಿತ್ತು. ಮನೆಗೆಲ್ಲ ಅಡುಗೆ ಮಾಡಿ ಬಡಿಸುವವಳು ತಾನೇ. ರುಚಿ ನೋಡುವಾಗ ನಾಲಿಗೆಯ ತುದಿಗೆ ಸಾರು ಸೋಕಿದರೆ ಅಳು ಬರುತ್ತಿತ್ತು.

ಹೇಳಿಬಿಡಬೇಕು ಎಂದು ಬಾಯಿ ತೆರೆದಾಗಲೆಲ್ಲ ಸರ್ವಮಂಗಳಾ ಎದುರಿಗೆ ಬರುತ್ತಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. "ಅತ್ತೆ, ಎಷ್ಟು ಸೊರಗಿದೀರ ಅಂತ ನಂಗೂ ಕಾಣ್ತೈತೆ. ನಿಮ್ ಕಾಲಿಗೆ ಬೀಳ್ತೀನಿ, ಹೆರಿಗೆ ಆಗಾವರ್ಗೂ ಬುಡಬ್ಯಾಡಿ. ಆಮೇಲೆ ನಾನೇ ಕೈಯಾರೆ ತುಪ್ಪ ಹಾಕಿ ಉಣ್ಣಿಸ್ತೀನಿ."

ಆ ಮಾತಿನ ಮುಂದೆ ಏನು ಹೇಳುವುದು? ಮಗೂ, ನಾನು ಉಪವಾಸವೇ ಮಾಡಿಲ್ಲ, ನಿನ್ನ ಕೂಸನ್ನು ಕಾಯುತ್ತಿರುವುದು ಹರಕೆಯಲ್ಲ, ಒಂದು ರೋಗ ಎನ್ನುವುದೆ? ಸುಳ್ಳಿನ ಮೇಲೆ ನಿಂತ ಬಸಿರು ನಿಜ ಹೇಳಿದರೆ ಕುಸಿದೀತು ಎಂದು ಶಿವರುದ್ರಮ್ಮನಿಗೇ ಒಳಗೊಳಗೆ ಅನ್ನಿಸತೊಡಗಿತ್ತು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಕೇಳಬೇಕಾದದ್ದು ಬಾಯಿಗೆ ಬರುತ್ತಿರಲಿಲ್ಲ. ನನ್ನ ಗಂಟಲು ತೆಗೆ ಎಂದರೆ ಹುಡುಗಿಯ ಹೊಟ್ಟೆಗೇನಾದರೂ ಆದೀತೋ ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಹಿತ್ತಲ ಗೋಡೆಯಾಚೆ ಚರ್ಮದ ವ್ಯಾಪಾರದ ಬಾಷಾ ಸಾಬರ ಮನೆ. ಅವರ ಹೆಂಡತಿ ನಜ್ಮುನ್ನೀಸಾ ಶಿವರುದ್ರಮ್ಮನ ಓರಗೆಯವಳು. ಇಬ್ಬರೂ ಬಟ್ಟೆ ಒಣಹಾಕುವಾಗ ಗೋಡೆಯ ಮೇಲಿಂದ ಮಾತಾಡಿಕೊಂಡೇ ಮುದುಕಿಯರಾಗುತ್ತಿದ್ದರು. ಯುಗಾದಿ ಕಳೆದ ಒಂದು ಬೆಳಿಗ್ಗೆ ನಜ್ಮುನ್ನೀಸಾ ಹಿಂಡಿದ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬ್ಯಾಡಿ. ನೀವು ಉಪಾಸ ಮಾಡ್ತಾ ಇಲ್ಲ."

"ಏನಂದೆ?"

"ವರ್ಷಾ ವರ್ಷಾ ತಿಂಗಳು ಪೂರಾ ರೋಜಾ ಇರೋಳು ನಾನು. ಉಪಾಸ ಇರೋರ ಮುಖ ನಂಗೊತ್ತು. ಸಂಜೆ ಹತ್ರ ಬಂದಂಗೆ ಆ ಮುಖದಾಗೆ ಆಸೆ ಕಾಣ್ತದೆ, ಕಣ್ಣು ಅಡುಗೆಮನೆ ಕಡೆನೇ ಓಡ್ತದೆ. ನಿಮಗೆ ಸಂಜೆ ಆದ್ರೆ ಭಯ ಆಗ್ತದೆ, ಅಕ್ಕ. ನಾನು ನೋಡಿದೀನಿ. ಊಟ ಕಂಡ್ರೆ ಭಯ ನಿಮಗೆ." ಅವಳ ದನಿ ಇಳಿಯಿತು. "ನಮ್ಮತ್ತೆಗೂ ಹಿಂಗೇ ಆಗಿತ್ತು. ಮುದ್ದೆ ಬಿಟ್ರು, ರೊಟ್ಟಿ ಬಿಟ್ರು. ನಾವು ವಯಸ್ಸಾತು ಅಂದ್ಕೊಂಡ್ವಿ. ಖುದಾ ಕಸಮ್, ಇವತ್ತೇ ಡಾಕ್ಟ್ರ ಹತ್ರ ಹೋಗಿ."

ಶಿವರುದ್ರಮ್ಮ ಉಳಿದ ಬಟ್ಟೆಯನ್ನು ಹಾಗೇ ಬಿಟ್ಟು ಒಳಗೆ ಬಂದಳು. ಯಾರೋ ಒಬ್ಬರಿಗೆ ಗೊತ್ತಾಯಿತಲ್ಲ ಎಂಬ ನೆಮ್ಮದಿಗೇ ಒಲೆಯ ಮುಂದೆ ಕೂತುಬಿಟ್ಟಳು. ಆದರೂ ಹೋಗಲಿಲ್ಲ. ಇನ್ನು ಐದು ತಿಂಗಳು ತಳ್ಳಿದರೆ ಹೆರಿಗೆ ಎಂದು ಲೆಕ್ಕ ಹಾಕಿದಳು.

ಮುಂದಿನ ಸೋಮವಾರ ಪೂಜೆಗೆ ಬಂದ ಮಠದ ನಂದೀಶ್ವರಯ್ಯನವರು ಮನೆಯವರಿಗೆಲ್ಲ ಪಾದೋದಕ ಕೊಟ್ಟರು. ನೆರೆಯವರೂ ಬಂದು ನಡುಮನೆ ತುಂಬಿತ್ತು. "ಈ ತಾಯಿ ಮುಂದೆ ಮಠದಲ್ಲಿರೋ ನಾವೇ ಸಣ್ಣೋರು" ಎಂದು ನಗುತ್ತ ಅಯ್ಯನವರು ಆಕೆಯ ಅಂಗೈಗೆ ತೀರ್ಥ ಬಿಟ್ಟರು. ಒಂದು ಗುಟುಕು ನೀರು, ಅಷ್ಟೇ. ಶಿವರುದ್ರಮ್ಮ ಕುಡಿದಳು. ಅದು ಎದೆಯವರೆಗೆ ಹೋಗಿ ನಿಂತಿತು. ಎಲ್ಲರ ಕಣ್ಣೂ ತನ್ನ ಮೇಲಿತ್ತು. ತೀರ್ಥ ಉಗುಳುವುದುಂಟೆ? ತುಟಿ ಬಿಗಿಹಿಡಿದಳು. ನೀರು ಮೂಗಿನಿಂದ ಇಳಿದು ಕಣ್ಣೀರಿನ ಜೊತೆ ಬೆರೆತು ಗದ್ದದಿಂದ ತೊಟ್ಟಿಕ್ಕಿತು.

"ಆನಂದಬಾಷ್ಪ" ಎಂದು ಹಿಂದಿನಿಂದ ಯಾರೋ ಕೈಮುಗಿದರು.

ಮರುದಿನ ಮಧ್ಯಾಹ್ನ ಅತ್ತೆ ಸೊಸೆ ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತಿದ್ದರು. ಶಿವರುದ್ರಮ್ಮ ಮೊರದ ಮೇಲಿಂದ ಕಣ್ಣೆತ್ತದೆ ಹೇಳಿದಳು. "ಮಂಗಳಾ, ನಾನು ಒಪ್ಪೊತ್ತು ಹಿಡಿದಿಲ್ಲ ಕಣವ್ವ. ನಂಗೆ ನುಂಗಾಕಾಗಲ್ಲ. ಆವತ್ತು ಬಚ್ಚಲಾಗೆ ಸುಳ್ಳು ಹೇಳ್ದೆ. ಈಗ ನೀರೂ ಇಳೀತಿಲ್ಲ."

ಸರ್ವಮಂಗಳಾಳ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ಹಂಗಾದ್ರೆ ನನ್ ಕೂಸಿಗೆ ಹರಕೆನೇ ಇರ್ಲಿಲ್ವಾ?"

"ಇಲ್ಲ."

"ಯಾರೂ ಏನೂ ಮಾಡ್ಕಂಡಿರ್ಲಿಲ್ವಾ?" ಹುಡುಗಿಯ ದನಿ ಕಿರಿಚಿತು. "ಕಾಲಿಗೆ ಬಿದ್ನಲ್ಲತ್ತೆ! ದಿನಾ ಬಿದ್ನಲ್ಲ! ಬುಡಬ್ಯಾಡಿ, ಬುಡಬ್ಯಾಡಿ ಅಂತ ನಾನೇ..." ಮಾತು ಮುಗಿಯಲಿಲ್ಲ. ತಾನು ಬೇಡಿಕೊಂಡದ್ದು ಏನನ್ನು ಎಂಬುದು ಅವಳಿಗೆ ಹೊಳೆದದ್ದು ಆ ಕ್ಷಣದಲ್ಲಿ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊರದಲ್ಲಿ ಅರ್ಧ ಸುಲಿದ ಬೀಜ. ಶಿವರುದ್ರಮ್ಮ ಬಾಗಿಲನ್ನೇ ನೋಡುತ್ತ ಕೂತಳು, ಹೊಟ್ಟೆನೋವು ಎಂಬ ಕೂಗು ಬಂದೀತೆಂದು ಕಿವಿಯೊಡ್ಡಿ. ಬರಲಿಲ್ಲ.

ಪರ್ವತಯ್ಯನವರು ಅಂಗಡಿ ಮುಚ್ಚಿಕೊಂಡು ಬಂದು ಮಗ ನಾಗಲಿಂಗಯ್ಯನ ಪಕ್ಕ ಊಟಕ್ಕೆ ಕೂತಾಗ ತಟ್ಟೆ ಬರಲಿಲ್ಲ. ಎಂದೂ ಮಾವನ ಎದುರು ನಿಂತು ಮಾತಾಡದ ಸೊಸೆ ನಡುಮನೆಗೆ ಬಂದು ಕಂಬ ಹಿಡಿದು ನಿಂತಳು.

"ಮಾವ, ಅತ್ತೆಗೆ ಗಂಟಲಾಗೆ ಏನೂ ಇಳೀತಿಲ್ಲ. ಒಪ್ಪೊತ್ತಲ್ಲ ಅದು, ಕಾಯಿಲೆ. ನಾಳೆ ಆಸ್ಪತ್ರೆಗೆ ಕರ್ಕಂಡೋಗ್ತೀನಿ ಅಂತ ಮಾತು ಕೊಡಿ, ಆಮೇಲೆ ಬಡಿಸ್ತೀನಿ."

ಪರ್ವತಯ್ಯನವರು ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಹೆಂಡತಿ ಅಲ್ಲಿ ನೆರಳಿನ ಹಾಗೆ ನಿಂತಿದ್ದಳು. ಅದೆಷ್ಟೋ ದಿನದ ಮೇಲೆ ಅವರು ಆಕೆಯನ್ನು ಸರಿಯಾಗಿ ನೋಡಿದರು. "ಊರಿಗೆಲ್ಲಾ ಹೇಳ್ಕಂಡು ತಿರುಗಿದ್ನಲ್ಲೇ" ಅಂದರು. ಬೈಯಬೇಕೆಂದು ಶುರುಮಾಡಿದ ಮಾತು ಅರ್ಧದಲ್ಲೇ ಸೊರಗಿತು.

ಶಿರಾದ ಸರ್ಕಾರಿ ಡಾಕ್ಟರು ಮೈಸೂರು ಕಡೆಯವರು, ವಯಸ್ಸು ಚಿಕ್ಕದು. "ಮೊದಲು ಏನು ನಿಂತಿತಮ್ಮ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಇಷ್ಟು ದಿನ ಕಾದಿದ್ದವಳಂತೆ ಶಿವರುದ್ರಮ್ಮ ಹೇಳಿದಳು: ಮುದ್ದೆ, ರೊಟ್ಟಿ, ಆಮೇಲೆ ಅನ್ನ, ಗಂಜಿ, ಈಗ ನೀರು. ಎಲ್ಲಿ ನಿಲ್ಲುತ್ತದೆ ಎಂದದ್ದಕ್ಕೆ ಎದೆಮೂಳೆಯ ಕೆಳತುದಿಗೆ ಬೆರಳಿಟ್ಟಳು. ಅವರು ಆಕೆಯ ಹಿಂದೆ ನಿಂತು ಕುತ್ತಿಗೆಯನ್ನು ಮೆಲ್ಲಗೆ ಒತ್ತುತ್ತ ಬಂದು, ಎಡಗಡೆ ಕೊರಳೆಲುಬಿನ ಮೇಲೆ ಒಂದು ಕಡೆ ಬೆರಳು ನಿಲ್ಲಿಸಿದರು. ಆಮೇಲೆ ಶಿವರುದ್ರಮ್ಮ ತಾನೇ ಮುಟ್ಟಿ ನೋಡಿಕೊಂಡಳು. ಕಡಲೆಬೀಜದಷ್ಟು ಗಟ್ಟಿ ಗಂಟು. ದಿನವೂ ಶಿವದಾರ ಹಾಯುವ ಜಾಗ, ಗೊತ್ತೇ ಆಗಿರಲಿಲ್ಲ.

"ಬೆಂಗಳೂರಿಗೆ ಹೋಗಿ. ತಡಮಾಡಬೇಡಿ" ಎಂದಷ್ಟೇ ಡಾಕ್ಟರು ಪರ್ವತಯ್ಯನವರಿಗೆ ಹೇಳಿದರು.

ತುಮಕೂರಿನವರೆಗೆ ಮೋಟಾರು, ಅಲ್ಲಿಂದ ರೈಲು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಕೆಯನ್ನು ಒಂದು ಕತ್ತಲೆ ಕೋಣೆಯಲ್ಲಿ ಹಲಗೆಗೆ ಒರಗಿಸಿ ನಿಲ್ಲಿಸಿದರು. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ತೆಗೆಯಬೇಕೆಂದರು. ಅದು ಎದೆಯ ಮೇಲಿದ್ದರೆ ಚಿತ್ರದಲ್ಲಿ ನೆರಳು ಬೀಳುತ್ತದಂತೆ. ಮೈಮೇಲಿಂದ ಅದನ್ನು ತೆಗೆದವಳೇ ಅಲ್ಲ. ಬೇಡಿಕೊಂಡು ರಟ್ಟೆಗೆ ಕಟ್ಟಿಸಿಕೊಂಡಳು. ಕೈಗೆ ಒಂದು ಲೋಟ ಕೊಟ್ಟರು, ಸುಣ್ಣ ಕಲಸಿದ ಹಾಗಿದ್ದ ಬಿಳೀ ಗಂಜಿ. "ಕುಡೀರಮ್ಮ, ಅದು ಹೋಗೋ ದಾರಿ ನಮಗೆ ಕಾಣುತ್ತೆ." ಕುಡಿದಳು. ಕತ್ತಲಲ್ಲಿ ಹಸಿರು ಬೆಳಕಿನ ಹಲಗೆಯ ಹಿಂದೆ ಡಾಕ್ಟರುಗಳು ಬಗ್ಗಿ ನಿಂತರು. ತಾನು ನುಂಗುವುದನ್ನು ಇಷ್ಟು ಜನ ಗಂಡಸರು ಕಣ್ಣಿಟ್ಟು ನೋಡಿದ್ದು ಅದೇ ಮೊದಲು ಎಂದು ಆಕೆಗೆ ಅನ್ನಿಸಿತು. ಇನ್ನೊಂದು ದಿನ ತುದಿಯಲ್ಲಿ ದೀಪವಿದ್ದ ಉದ್ದನೆಯ ನಳಿಗೆಯನ್ನು ಗಂಟಲಿಗಿಳಿಸಿ, ಒಳಗಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಆ ನೋವನ್ನು ಆಕೆ ಯಾರ ಹತ್ತಿರವೂ ಹೇಳಲಿಲ್ಲ.

ದೊಡ್ಡ ಡಾಕ್ಟರು ಪರ್ವತಯ್ಯನವರನ್ನು ಹೊರಗೆ ಕರೆದಾಗ ಶಿವರುದ್ರಮ್ಮ ಮಂಚದಿಂದಿಳಿದು ಬಾಗಿಲಿಗೆ ಬಂದಳು. "ನಂಗೇ ಹೇಳಿ ಸ್ವಾಮಿ. ಮುಚ್ಚಿಟ್ಟಿದ್ದು ಸಾಕಾಗೈತೆ."

ಅವರು ಆಕೆಯನ್ನು ಕೂರಿಸಿ ಹೇಳಿದರು. ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಹುಣ್ಣೊಂದು ಬೆಳೆದಿದೆ, ಕ್ಯಾನ್ಸರ್. ಅದರ ಬೇರು ಕುತ್ತಿಗೆಯವರೆಗೆ ಬಂದಿದೆ. ಕುಯ್ದು ತೆಗೆಯುವ ಹಾಗಿಲ್ಲ. ರೇಡಿಯಂ ಎಂದೊಂದು ಇದೆ, ಇಷ್ಟು ಹರಡಿದ ಮೇಲೆ ಅದರಿಂದಲೂ ಫಲವಿಲ್ಲ.

"ಮೊದಲೇ ಬಂದಿದ್ರೆ?"

"ಮೊದಲೇ ಬಂದಿದ್ದರೂ ಕಷ್ಟದ ಕಾಯಿಲೆಯೇ ತಾಯಿ. ಏನಾದರೂ ಮಾಡಿ ನೋಡುವುದಕ್ಕೆ ಜಾಗ ಇರುತ್ತಿತ್ತು."

ಇನ್ನು ಉಳಿದಿದ್ದು ಒಂದೇ. ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ರಬ್ಬರು ನಳಿಗೆ ಕೂರಿಸುವುದು, ಅದರೊಳಗೆ ಹಾಲು ಗಂಜಿ ಹುಯ್ಯುವುದು. ರೋಗ ಇದ್ದಲ್ಲೇ ಇರುತ್ತದೆ. ಉಪವಾಸದಿಂದ ಸಾಯುವುದು ಮಾತ್ರ ತಪ್ಪುತ್ತದೆ.

"ಬಾಯಿಗಿಲ್ದೆ ಇರೋ ಊಟ ಏನೂಟ?" ಪರ್ವತಯ್ಯನವರು ಹೆಂಡತಿಯ ಪಕ್ಕ ಕೂತು ಮೆಲ್ಲಗೆ ಕೇಳಿದರು. "ಲಿಂಗಕ್ಕೆ ತೋರಿಸಿ ಉಣ್ಣೋರು ನಾವು. ಹೊಟ್ಟೆಗೇ ಹುಯ್ಕಂಡ್ರೆ ಅದು ಪ್ರಸಾದ ಆಯ್ತದಾ? ಊರಿಗೆ ಹೋಗ್ಬುಡಾನ ಬಾ."

ಶಿವರುದ್ರಮ್ಮ ಡಾಕ್ಟರ ಕಡೆ ತಿರುಗಿದಳು. "ನನ್ ಸೊಸೆಗೆ ಶ್ರಾವಣ ಕಳೆದು ಹೆರಿಗೆ. ಅಲ್ಲೀಗಂಟ ಇರ್ತೀನಾ?"

"ಹೇಳಲಾರೆ. ನಳಿಗೆ ಹಾಕದಿದ್ದರೆ ಇರುವುದಿಲ್ಲ."

"ಹಂಗಾದ್ರೆ ಹಾಕಿ."

ನಳಿಗೆ ಹೊತ್ತು ಊರಿಗೆ ಬಂದಾಗ ಕಾಲು ಮುಟ್ಟಲು ಯಾರೂ ಬರಲಿಲ್ಲ. ಸುಳ್ಳು ಒಪ್ಪೊತ್ತು ಹಿಡಿದು ಶಿವನನ್ನೇ ಏಮಾರಿಸಲು ಹೋದಳು, ಅದಕ್ಕೇ ಹೀಗಾಯಿತು ಎಂಬ ಮಾತು ಬಾವಿಕಟ್ಟೆಯಿಂದ ಮನೆಯೊಳಗೂ ಬಂತು. ನಾಗರತ್ನಮ್ಮ ಬಂದಳು, ತಮಾಷೆ ಮಾಡಲು ಹೋಗಿ, ಬಾಯಿಗೆ ಸೆರಗು ಮುಚ್ಚಿಕೊಂಡು ಎದ್ದು ಹೋದಳು. ನಜ್ಮುನ್ನೀಸಾ ಗೋಡೆಯ ಮೇಲಿಂದ ದಿನವೂ ಹಾಲಿನ ಚೊಂಬು ದಾಟಿಸಿದಳು. ತವರಿಗೆ ಕರೆದೊಯ್ಯಲು ಕೊರಟಗೆರೆಯಿಂದ ಬಂದ ಅಣ್ಣನನ್ನು ಸರ್ವಮಂಗಳಾ ಹೊಸ್ತಿಲಿಂದಲೇ ತಿರುಗಿ ಕಳಿಸಿದಳು. "ಚೊಚ್ಚಲು ಕಣವ್ವ, ಅಮ್ಮ ಕಾಯ್ತಾವ್ಳೆ" ಎಂದು ಅವನು ಗೋಗರೆದ. "ಇಲ್ಲೇ ಹೆರ್ತೀನಿ. ಅಮ್ಮನೇ ಇಲ್ಲಿಗೆ ಬರಲಿ."

ಅವಳು ಅತ್ತೆಯ ಜೊತೆ ಆ ಸುಳ್ಳಿನ ವಿಷಯ ಮಾತಾಡಿರಲಿಲ್ಲ. ಬಾಗಿಲು ಹಾಕಿಕೊಂಡ ಆ ಮಧ್ಯಾಹ್ನದ ಮಾತು ಇಬ್ಬರ ನಡುವೆ ಹಾಗೇ ಇತ್ತು. ಎಲ್ಲರಿಗಿಂತ ಮೊದಲು ಅತ್ತೆಗೆ ಉಣಿಸಬೇಕು, ಡಾಕ್ಟರು ಹಾಗೆ ಹೇಳಿ ಕಳಿಸಿದ್ದರು. ಗಂಡಸರು ಕಾಯಬೇಕಾಗಿತ್ತು. ಸರ್ವಮಂಗಳಾ ಭಾರದ ಹೊಟ್ಟೆಯೊಡನೆ ಮಂಚದ ಪಕ್ಕ ಕೂತು, ನಳಿಗೆಯ ತುದಿಗೆ ಆಲಿಕೆ ಸಿಕ್ಕಿಸಿ, ಶೋಧಿಸಿದ ಗಂಜಿಯನ್ನು ತೆಳ್ಳಗೆ ಹುಯ್ಯುತ್ತಿದ್ದಳು. ಬಾಯಿಗೆ ಏನೂ ಗೊತ್ತಾಗದೆ ಹೊಟ್ಟೆ ಬೆಚ್ಚಗಾಗುತ್ತಿತ್ತು. ಆ ಬಿಸಿ ಒಳಗೆ ಹರಡುವಾಗ ಶಿವರುದ್ರಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹಸಿವು ಅಡಗುತ್ತಿತ್ತು, ಆಸೆ ಅಡಗುತ್ತಿರಲಿಲ್ಲ.

ರುಚಿ ಬೇಕೆನಿಸಿದರೆ ತುತ್ತನ್ನು ಅಗಿದು ಉಗುಳಬಹುದು ಎಂದೂ ಡಾಕ್ಟರು ಹೇಳಿದ್ದರು. ಒಂದು ಮಧ್ಯಾಹ್ನ ಸರ್ವಮಂಗಳಾ ಅವರೆಕಾಳು ಸಾರಿನಲ್ಲಿ ಅದ್ದಿದ ಮುದ್ದೆಯ ಚೂರನ್ನು ಅತ್ತೆಯ ನಾಲಿಗೆಯ ಮೇಲಿಟ್ಟು, ತಟ್ಟೆಯೊಂದನ್ನು ಗದ್ದದ ಕೆಳಗೆ ಹಿಡಿದಳು. ಶಿವರುದ್ರಮ್ಮನ ಬಾಯಿ ತುಂಬಿತು, ಮುಖ ಅರಳಿತು. ಉಗುಳಬೇಕಾದಾಗ ಆಗಲಿಲ್ಲ. ಅಷ್ಟು ವರ್ಷ ಒಂದಗುಳನ್ನೂ ಬಿಡದೆ ತಟ್ಟೆ ತೊಳೆದು ಆ ನೀರನ್ನೂ ಕುಡಿದ ಬಾಯಿ ಅದು. ಕೊನೆಗೆ ಸೊಸೆಯೇ ಬೆರಳು ಹಾಕಿ ತೆಗೆಯಬೇಕಾಯಿತು. ಇಬ್ಬರೂ ಅತ್ತರು, ಒಬ್ಬರ ಮುಖ ಒಬ್ಬರು ನೋಡದೆ.

"ಅತ್ತೆ, ನಾನು ಬುಡಬ್ಯಾಡಿ ಅನ್ನದೇ ಇದ್ದಿದ್ರೆ..."

"ನಾನು ಸುಳ್ಳು ಹೇಳದೇ ಇದ್ದಿದ್ರೆ" ಎಂದಳು ಶಿವರುದ್ರಮ್ಮ. ದನಿ ಈಗ ಬರೀ ಉಸಿರಾಗಿತ್ತು. "ಅದನ್ನ ಅಳೀತಾ ಕೂತ್ರೆ ನಂಗೆ ಹೊತ್ತು ಸಾಕಾಗಲ್ಲ. ನೀನು ಉಂಡ್ಯಾ?"

"ಆಮೇಲೆ ಉಣ್ತೀನಿ. ಮಾವಾರು ಇನ್ನೂ ಕೂತಿಲ್ಲ."

"ತಟ್ಟೆ ಇಲ್ಲಿಗೆ ತಾ."

"ಅಯ್ಯೋ, ಅವ್ರು ನಡುಮನೆನಾಗೇ ಅವ್ರೆ. ಕಾಣ್ತೈತೆ."

"ಕಾಣಲಿ. ಬಾಗಿಲು ತೆಗೆದೇ ಇರಲಿ. ತಾ."

ಸರ್ವಮಂಗಳಾ ತಟ್ಟೆ ತಂದು ಅತ್ತೆಯ ಎದುರಿಗೆ ಕೂತಳು. ಹೊರಗೆ ಪರ್ವತಯ್ಯನವರು ಒಮ್ಮೆ ಇತ್ತ ನೋಡಿ ಕಂಬಕ್ಕೊರಗಿದರು. ಹುಡುಗಿ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟಳು, ನಾಚಿಕೆಯಿಂದ ತಲೆ ತಗ್ಗಿಸಿದಳು.

"ತಲೆ ಎತ್ತು ಮಗ. ನಂಗೆ ಕಾಣ್ಬೇಕು."

ಎತ್ತಿದಳು. ಶಿವರುದ್ರಮ್ಮ ಆ ಎಳೆಯ ಕತ್ತನ್ನು ಕಣ್ಣು ಮಿಟುಕಿಸದೆ ನೋಡಿದಳು. ಗಂಟಲು ಒಮ್ಮೆ ಮೇಲೆದ್ದು ಇಳಿಯಿತು. ಎಲ್ಲಿಯೂ ನಿಲ್ಲದೆ ತುತ್ತು ಹೋಯಿತು.

"ಇನ್ನೊಂದು" ಎಂದಳು.